ಕಾರ್ಖಾನೆ ಯುಗದ ಕ್ರೈಸ್ತ ದೈವಶಾಸ್ತ್ರ: ಪಾಪ ವ್ಯಕ್ತಿಯದೋ, ವ್ಯವಸ್ಥೆಯದೋ?

ಪ್ರಶ್ನೆ:
19ನೆಯ ಶತಮಾನದ ಬ್ರಿಟನ್ನಿನಲ್ಲಿ ಬಾಲಕಾರ್ಮಿಕರ ಪರವಾಗಿ ಹೋರಾಡಿದ ಶಾಫ್ಟ್ಸ್‌ಬರಿ ಪ್ರಭು ಇವ್ಯಾಂಜೆಲಿಕಲ್ ಕ್ರೈಸ್ತರು, ಅಂದರೆ ಬೈಬಲ್ಲಿಗೂ ವೈಯಕ್ತಿಕ ಮನಪರಿವರ್ತನೆಗೂ ಒತ್ತು ಕೊಡುವ ಪ್ರಾಟೆಸ್ಟೆಂಟ್ ಪಂಥದವರು. ಬಡತನಕ್ಕೆ ಬಡವನ ನಡತೆಯೇ ಕಾರಣವೆಂದು, ಮಾರುಕಟ್ಟೆಯ ನಿಯಮಗಳೆಲ್ಲ ದೈವಸಂಕಲ್ಪವೆಂದು ಬೋಧಿಸಿದವರೂ ಅದೇ ಪಂಥದಲ್ಲಿ ಬಹಳ ಮಂದಿ ಇದ್ದರು. ಒಂದೇ ನಂಬಿಕೆಯಿಂದ ಇಷ್ಟು ಭಿನ್ನವಾದ ನಿಲುವುಗಳು ಹೊರಟದ್ದು ಹೇಗೆ?

ಉತ್ತರ 1:
ಅವು ತೋರುವಷ್ಟು ಭಿನ್ನವಲ್ಲ. ಸ್ಕಾಟ್ಲೆಂಡಿನ ಇವ್ಯಾಂಜೆಲಿಕಲ್ ಪಾದ್ರಿ ಥಾಮಸ್ ಚಾಮರ್ಸ್ 1819ರಿಂದ ಗ್ಲಾಸ್ಗೋದ ಸೇಂಟ್ ಜಾನ್ಸ್ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ), ತೆರಿಗೆಯ ಹಣದಿಂದ ಬಡವರಿಗೆ ನೆರವು ನೀಡುವುದನ್ನು ಬಿಟ್ಟು, ಸಭೆಯ ಸೇವಕರನ್ನು ಮನೆಮನೆಗೆ ಕಳುಹಿಸಿದರು. ಇವರು ಮೊದಲು ವಿಚಾರಿಸುತ್ತಿದ್ದುದು ದುಡಿಯಲು ಸಾಧ್ಯವೇ, ನೆಂಟರಿಷ್ಟರು ನೋಡಿಕೊಳ್ಳಬಲ್ಲರೇ ಎಂದು. ಕಾನೂನಿನ ಬಲವಂತದಿಂದ ಕೊಟ್ಟದ್ದು ದಯೆಯೇ ಅಲ್ಲ ಎಂಬುದು ಚಾಮರ್ಸ್ ಅವರ ವಾದ. ದುಡಿಯಬಲ್ಲವನು ತನ್ನ ಬಾಳಿಗೆ ತಾನೇ ಹೊಣೆ ಎಂಬ ಈ ತರ್ಕವನ್ನು ಶಾಫ್ಟ್ಸ್‌ಬರಿ ಬುಡಮೇಲು ಮಾಡಲಿಲ್ಲ, ಅದರ ಎಲ್ಲೆಯನ್ನು ಗುರುತಿಸಿದರು: ತನ್ನ ದುಡಿಮೆಯ ಬಗ್ಗೆ ಸ್ವತಂತ್ರವಾಗಿ ಒಪ್ಪಂದ ಮಾಡಿಕೊಳ್ಳಲಾರದ ಮಗುವಿಗೆ ಆ ನಿಯಮ ಅನ್ವಯಿಸದು. ಗಣಿಯ ಕತ್ತಲಲ್ಲಿ ಗಾಳಿಬಾಗಿಲು ತೆರೆಯಲು ದಿನವಿಡೀ ಕುಳಿತ ಮಕ್ಕಳ, ಸೊಂಟಕ್ಕೆ ಸರಪಳಿ ಬಿಗಿದುಕೊಂಡು ಕಲ್ಲಿದ್ದಲ ಬಂಡಿ ಎಳೆದವರ ಚಿತ್ರಗಳನ್ನು ಬಾಲದುಡಿಮೆಯ ಬಗ್ಗೆ ತನಿಖೆ ನಡೆಸಿದ ಸರ್ಕಾರಿ ಆಯೋಗದ ವರದಿ ಮುಂದಿಟ್ಟಾಗ, 1842ರ ಕಾಯ್ದೆ ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗಿನ ಕೆಲಸದಿಂದ ಬಿಡಿಸಿತು.

ಉತ್ತರ 2:
ಒಪ್ಪುತ್ತೇನೆ, ಆದರೆ ಅಲ್ಲಿ ಕಾನೂನು ಬದಲಾಯಿತೇ ಹೊರತು, ಪಾಪವೆಂದರೆ ವ್ಯಕ್ತಿಯ ತಪ್ಪು ಎಂಬ ಕಲ್ಪನೆ ಬದಲಾಗಲಿಲ್ಲ. ಆ ಕಲ್ಪನೆಯನ್ನು ಸ್ಪಷ್ಟವಾಗಿ ಬದಲಿಸಿದವರು ಅಮೆರಿಕದ ದೈವಶಾಸ್ತ್ರಜ್ಞ ವಾಲ್ಟರ್ ರೌಶೆನ್‌ಬುಶ್. 1886ರಲ್ಲಿ ನ್ಯೂಯಾರ್ಕಿನ ಬಡವರ ಬಡಾವಣೆ ಹೆಲ್ಸ್ ಕಿಚನ್‌ನ ಅಂಚಿನಲ್ಲಿದ್ದ, ಬ್ಯಾಪ್ಟಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಜರ್ಮನ್ ಸಭೆಗೆ ಪಾಸ್ಟರ್ ಆಗಿ ಬಂದ ಅವರನ್ನು ಹೆಚ್ಚು ಕಲಕಿದ್ದು ಬಡಮಕ್ಕಳ ಶವಸಂಸ್ಕಾರಗಳು. ಆ ಮಕ್ಕಳ ಸಾವಿಗೆ ಯಾರ ದುರ್ನಡತೆಯನ್ನು ಹೊಣೆಮಾಡುವುದು? ಪಾಪವು ಸಂಸ್ಥೆಗಳಲ್ಲಿ, ಲಾಭದ ಪದ್ಧತಿಯಲ್ಲಿ ನೆಲೆಯೂರಿ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ ಎಂದೂ, ದೇವರ ರಾಜ್ಯವು ಸತ್ತ ಮೇಲಿನ ಸ್ವರ್ಗವಷ್ಟೇ ಅಲ್ಲವೆಂದೂ ಅವರು 1917ರ ಹೊತ್ತಿಗೆ ಸಿದ್ಧಾಂತವಾಗಿಯೇ ಮಂಡಿಸಿದರು. ವೈಯಕ್ತಿಕ ಮನಪರಿವರ್ತನೆಯನ್ನು ಅವರು ಕೈಬಿಟ್ಟರೆಂಬ ಆರೋಪ ನ್ಯಾಯವಲ್ಲ.

ಉತ್ತರ 3:
ಚರ್ಚೆ ಈವರೆಗೆ ಪ್ರಾಟೆಸ್ಟೆಂಟರಲ್ಲೇ ನಿಂತಿದೆ; ಕ್ಯಾಥೊಲಿಕರನ್ನೂ ನೋಡಬೇಕು. ಪೋಪ್ ಹದಿಮೂರನೆಯ ಲಿಯೋ 1891ರ ‘ರೇರುಮ್ ನೋವಾರುಮ್’ ವಿಶ್ವಪತ್ರದಲ್ಲಿ (ಇಡೀ ಕ್ಯಾಥೊಲಿಕ್ ಸಭೆಗೆ ಪೋಪ್ ಬರೆಯುವ ಬೋಧನಾಪತ್ರ) ನೈಸರ್ಗಿಕ ನ್ಯಾಯವನ್ನು, ಅಂದರೆ ಮನುಷ್ಯರ ಒಪ್ಪಂದಕ್ಕಿಂತ ಮೇಲಾದ ಸಹಜ ನ್ಯಾಯವನ್ನು, ಆಧಾರವಾಗಿ ಹಿಡಿದರು. ಸಮಾಜವಾದವನ್ನು ತಿರಸ್ಕರಿಸಿ ಖಾಸಗಿ ಆಸ್ತಿಯನ್ನು ಸಮರ್ಥಿಸಿದ ಅದೇ ಪತ್ರ, ಕಾರ್ಮಿಕನು ತಾನಾಗಿ ಒಪ್ಪಿದ ಕೂಲಿಯೂ ಮಿತವ್ಯಯದ ಬಾಳಿಗೆ ಸಾಲದಿದ್ದರೆ ಅನ್ಯಾಯವೇ ಎನ್ನುತ್ತದೆ. ಶಾಫ್ಟ್ಸ್‌ಬರಿ ಮಗುವಿನ ಮಟ್ಟಿಗೆ ಎತ್ತಿದ ಆಕ್ಷೇಪ ಇಲ್ಲಿ ವಯಸ್ಕ ದುಡಿಮೆಗಾರನಿಗೂ ಅನ್ವಯವಾಯಿತು. ಅದಕ್ಕೆ ಪಾಪದ ಹೊಸ ವ್ಯಾಖ್ಯಾನ ಬೇಕಾಗಲಿಲ್ಲ.