ಲೂಪಸ್ ಇರುವ 36ರ ಹೆಣ್ಣುಮಗಳು: ಚಾರ್ಟ್‌ನಲ್ಲಿ ಹಸಿರು ಬಂದರೆ ಸಾಕಾ?

ಸ್ಟಾಫ್ ನರ್ಸ್, ಮುಳಬಾಗಿಲು
ವಯಸ್ಸು 36, ತೂಕ 52 ಕೆಜಿ, ಲೂಪಸ್ (ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳೋ ಕಾಯಿಲೆ) 7 ವರ್ಷದಿಂದ. ದಿನಕ್ಕೆ ಪ್ರೆಡ್ನಿಸೋಲೋನ್ (ಸ್ಟೀರಾಯ್ಡ್) 10 ಮಿಗ್ರಾಂ, ಲೂಪಸ್ ಹತೋಟಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ 200 ಮಿಗ್ರಾಂ. ಬಿಪಿ ಎರಡು ಸಲವೂ 138/88. ಸಕ್ಕರೆ ಇಲ್ಲ, ಹೊಗೆಸೊಪ್ಪು ಇಲ್ಲ. ಎನ್‌ಸಿಡಿ (ಬಿಪಿ, ಸಕ್ಕರೆ ಥರದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಪಾಯ ಅಳೆಯೋ ಡಬ್ಲ್ಯುಎಚ್‌ಒ ಚಾರ್ಟ್ ಶುರುವಾಗೋದೇ 40ರಿಂದ. ಆ ಸಾಲಿಗೇ ಹಾಕಿದರೂ ಹಸಿರು, ಅಂದರೆ ಅಪಾಯ ಕಡಿಮೆ. ನಂಬಬಹುದಾ?

ಫಿಸಿಶಿಯನ್, ಕೋಲಾರ
ನಂಬಬೇಡಿ ಸಿಸ್ಟರ್. ಆ ಚಾರ್ಟ್ ಲೂಪಸ್ ಇದೆಯಾ ಅಂತ ಕೇಳೋದೇ ಇಲ್ಲ. ವರ್ಷಗಟ್ಟಲೆ ಉರಿಯೂತದಿಂದ ರಕ್ತನಾಳದ ಒಳಪದರ ಹಾಳಾಗಿರುತ್ತೆ, ಅದರ ಮೇಲೆ ಸ್ಟೀರಾಯ್ಡ್. 1997ರ ಪಿಟ್ಸ್‌ಬರ್ಗ್ ಅಧ್ಯಯನದಲ್ಲಿ 35–44ರ ಲೂಪಸ್ ಮಹಿಳೆಯರಿಗೆ ಹೃದಯಾಘಾತ ಅದೇ ವಯಸ್ಸಿನ ಇತರರಿಗಿಂತ 50 ಪಟ್ಟಿಗೂ ಹೆಚ್ಚು. (ಇತರರಲ್ಲಿ ಆ ವಯಸ್ಸಿಗೆ ತೀರಾ ಅಪರೂಪ, ಅದಕ್ಕೇ ಪಟ್ಟು ಇಷ್ಟು ದೊಡ್ಡದು.) ಬ್ರಿಟನ್ನಿನಲ್ಲಿ ಇದೇ ಅಪಾಯ ಅಳೆಯೋ ಕ್ಯೂರಿಸ್ಕ್-3 ಲೂಪಸ್ಸನ್ನೂ ಲೆಕ್ಕಕ್ಕೆ ಹಿಡಿಯುತ್ತೆ, 25 ವರ್ಷದಿಂದಲೇ.

138/88 ಅನ್ನು ಹಾಗೇ ಬಿಡಬಾರದು. ಗುರಿ 130/80ರ ಒಳಗೆ. ಮೊದಲು ಬೆಳಗಿನ ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ನೋಡಿ. 0.5 ದಾಟಿದ್ದರೆ ಇದು ಬರೀ ಬಿಪಿಯಲ್ಲ, ಕಿಡ್ನಿಗೆ ಲೂಪಸ್ ಇಳಿದಿರಬಹುದು, ತಡಮಾಡದೆ ರುಮಟಾಲಜಿಗೆ (ಲೂಪಸ್, ಕೀಲು ಕಾಯಿಲೆಗಳ ತಜ್ಞರಿಗೆ) ಕಳಿಸಿ. ಪ್ರೋಟೀನ್ ಹೋಗುತ್ತಿದ್ದರೆ ರಾಮಿಪ್ರಿಲ್, ಎನಲಾಪ್ರಿಲ್ ಜಾತಿಯ ಮಾತ್ರೆ ಒಳ್ಳೇದು. ಆದರೆ ಗರ್ಭಿಣಿಯಾ, ಮಗು ಬೇಕು ಅಂತಿದ್ದಾರಾ ಅಂತ ಕೇಳದೆ ಶುರು ಮಾಡಬಾರದು. ಶುರುವಾದ ಒಂದೆರಡು ವಾರಕ್ಕೆ ರಕ್ತದ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿ. ಲಿಪಿಡ್ ಪ್ರೊಫೈಲೂ (ಕೊಲೆಸ್ಟ್ರಾಲ್ ಪರೀಕ್ಷೆ) ಬೇಕು.

ಆಸ್ಪಿರಿನ್ ಎಲ್ಲರಿಗೂ ಅಲ್ಲ. ಲೂಪಸ್ ಆ್ಯಂಟಿಕೊಯಾಗುಲೆಂಟ್, ಆ್ಯಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್, ರಕ್ತ ಹೆಪ್ಪುಗಟ್ಟಿಸೋ ಪ್ರತಿಕಾಯಗಳ ಈ ಮೂರು ಪರೀಕ್ಷೆಯನ್ನೂ ಮಾಡಿಸಿ. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೊಮ್ಮೆ. ಆಗಲೂ ಉಳಿದಿದ್ದರೆ ಆಸ್ಪಿರಿನ್ 75 ಮಿಗ್ರಾಂ ಮಾತು.

ಫಾರ್ಮಸಿಸ್ಟ್, ಚಿಂತಾಮಣಿ
ಹೈಡ್ರಾಕ್ಸಿಕ್ಲೋರೋಕ್ವಿನ್ ಮಿತಿ ದಿನಕ್ಕೆ ಕೆಜಿಗೆ 5 ಮಿಗ್ರಾಂ, ಅಂದರೆ ಇವರಿಗೆ 260. ಈಗಿನ 200 ಅದಕ್ಕಿಂತ ಕಡಿಮೆ. ಒಂದು ದಿನ 200, ಮರುದಿನ 300 ಆದರೆ ಸರಾಸರಿ 250; ವೈದ್ಯರನ್ನು ಕೇಳಿ ನೋಡಿ. 200, 400 ಅಂತ ಬದಲಿಸಿದರೆ 300 ಆಗಿ ಮಿತಿ ಮೀರುತ್ತೆ. ಕಣ್ಣು ಹೋಗುತ್ತೆ ಅನ್ನೋ ಭಯಕ್ಕೆ ಜನ ಈ ಮಾತ್ರೆಯನ್ನೇ ಬಿಡ್ತಾರೆ, ಇದೇ ನನಗೆ ತುಂಬಾ ನೋವಿನ ವಿಷಯ. ಶುರುವಿನಲ್ಲಿ ಒಮ್ಮೆ, 5 ವರ್ಷದ ಮೇಲೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿ. ಇವರಿಗೆ ಲೂಪಸ್ 7 ವರ್ಷದಿಂದ, ಮಾತ್ರೆ ಶುರುವಾಗಿ 5 ವರ್ಷ ದಾಟಿದೆಯಾ ಕೇಳಿ.

ಇಳಿಸಬೇಕಾದ್ದು ಪ್ರೆಡ್ನಿಸೋಲೋನ್: ನಿಧಾನವಾಗಿ 5ಕ್ಕೆ ಅಥವಾ ಅದಕ್ಕಿಂತ ಕೆಳಗೆ, ವೈದ್ಯರ ಲೆಕ್ಕದಲ್ಲಿ. ತಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಕೀಲುನೋವಿಗೆ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಕೊಳ್ತಾರಾ ಕೇಳಿ, ಅದು ಬಿಪಿ ಏರಿಸುತ್ತೆ, ಕಿಡ್ನಿಗೂ ಪೆಟ್ಟು. ಮುದ್ದೆ ಉಪ್ಸಾರು ತಿನ್ನಲಿ, ಖಾರಕ್ಕೆ ಉಪ್ಪು ಅರ್ಧ ಮಾಡಿ, ಹಪ್ಪಳ ಉಪ್ಪಿನಕಾಯಿ ಬಿಟ್ಟು.

ಸ್ಟಾಫ್ ನರ್ಸ್, ಮುಳಬಾಗಿಲು
ಮೂತ್ರ ನಾಳೆಯೇ ಕಳಿಸ್ತೀನಿ. ಎದೆನೋವು ಅಂತ ಬಂದರೆ?

ಫಿಸಿಶಿಯನ್, ಕೋಲಾರ
ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಬೇಡಿ. 10 ನಿಮಿಷದೊಳಗೆ ಇಸಿಜಿ. ಮಲಗಿದರೆ ಹೆಚ್ಚಾಗಿ, ಮುಂದಕ್ಕೆ ಬಾಗಿದರೆ ಕಡಿಮೆಯಾದರೆ ಹೃದಯದ ಹೊರಪೊರೆಯ ಉರಿಯೂತ ಇರಬಹುದು, ಲೂಪಸ್‌ನಲ್ಲಿ ಅದು ಸಾಮಾನ್ಯ. ಹಾಗಂತ ಇಸಿಜಿ ತಪ್ಪಿಸೋ ಹಾಗಿಲ್ಲ.