ಜೋಳದ ರೊಟ್ಟಿಯಲ್ಲಿ ಗ್ಲುಟನ್ ಇದೆ ಅಂತ ತೋರಿಸುತ್ತಿದೆ, ಮಷೀನ್ ಕೆಟ್ಟಿದೆಯಾ?

ಮಾಳಮಡ್ಡಿ ಅಮ್ಮ, ಧಾರವಾಡ:
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ. ಸೀಲಿಯಾಕ್ ಇದೆ, ಅಂದರೆ ಗೋಧಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ ಇದೆ ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ಅವತ್ತಿನಿಂದ ಮನೆಯಲ್ಲಿ ಚಪಾತಿ ಇಲ್ಲ, ಉಪ್ಪಿಟ್ಟು ಇಲ್ಲ. ಬರೀ ಜೋಳದ ರೊಟ್ಟಿ, ಅನ್ನ. ಕಳೆದ ತಿಂಗಳು ನನ್ನ ತಮ್ಮ ಅಮೆರಿಕದಿಂದ ಗ್ಲುಟನ್ ನೋಡುವ ಪುಟ್ಟ ಮಷೀನ್ ತಂದುಕೊಟ್ಟ. ಬಟಾಣಿ ಕಾಳಿನಷ್ಟು ಅಡುಗೆಯನ್ನು ಕ್ಯಾಪ್ಸೂಲ್‌ಗೆ ಹಾಕಿ ಮುಚ್ಚಿದರೆ ಕೆಲವೇ ನಿಮಿಷದಲ್ಲಿ ಉತ್ತರ. ಸೋಮವಾರ ರೊಟ್ಟಿ ಹಾಕಿದೆ, ಗ್ಲುಟನ್ ಇದೆ ಅಂದಿತು! ಸಂಜೆ ಅದೇ ಹಿಟ್ಟಿನ ಇನ್ನೊಂದು ರೊಟ್ಟಿ ಹಾಕಿದೆ, ಇಲ್ಲ ಅಂದಿತು. ಜೋಳದಲ್ಲಿ ಗ್ಲುಟನ್ ಎಲ್ಲಿಂದ ಬರಬೇಕು? ಕ್ಯಾಪ್ಸೂಲ್ ತುಂಬಾ ದುಬಾರಿ, ಸುಮ್ನೆ ಹಾಳು ಮಾಡಲು ಮನಸ್ಸಿಲ್ಲ.

ಹುಬ್ಬಳ್ಳಿ ಲ್ಯಾಬ್:
ಅಕ್ಕಾ, ಮಷೀನ್ ಕೆಟ್ಟಿರಲಿಕ್ಕಿಲ್ಲ. ಜೋಳ ಎಲ್ಲಿ ಬೀಸಿಸಿದಿರಿ? ಓಣಿಯ ಗಿರಣಿಯಲ್ಲಾ? ಹಾಗಿದ್ದರೆ ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿರುತ್ತಾರೆ. ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ನಿಮ್ಮ ಡಬ್ಬಿಗೆ ಬೀಳುತ್ತದೆ.

ಎಷ್ಟು ಸಾಕು ಗೊತ್ತಾ? ಈ ಮಷೀನ್‌ಗಳು ಸಾಮಾನ್ಯವಾಗಿ ಕಿಲೋಗೆ 20 ಮಿಲಿಗ್ರಾಂ ಗ್ಲುಟನ್ ಲೆಕ್ಕ ಹಿಡಿಯುತ್ತವೆ. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ‘ಗ್ಲುಟನ್ ಫ್ರೀ’ ಅಂತ ಬರೆಯಲೂ ಇದೇ ಮಿತಿ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಗ್ಲುಟನ್. ಅಂದರೆ ಒಂದು ಕಿಲೋ ಜೋಳದ ಹಿಟ್ಟು ಮಿತಿ ದಾಟಲು ಒಂದು ಸಣ್ಣ ಚಿಟಿಕೆ ಗೋಧಿ ಹಿಟ್ಟು ಸಾಕು. ಆ ಚಿಟಿಕೆ ಎಲ್ಲ ಕಡೆ ಸಮ ಬೆರೆತಿರುವುದಿಲ್ಲ ಅಲ್ವಾ? ಅದಕ್ಕೇ ಬೆಳಗ್ಗೆ ಇದೆ, ಸಂಜೆ ಇಲ್ಲ. ನೀವು ಹಾಕಿದ ಚೂರಿನ ವಿಷಯ ಮಾತ್ರ ಅದು ಹೇಳುತ್ತದೆ, ಇಡೀ ಬುಟ್ಟಿಯದ್ದಲ್ಲ. ಮುಂದೆ ಹಿಟ್ಟನ್ನೇ ನೋಡಿ. ನಾಲ್ಕು ಕಡೆಯಿಂದ ತೆಗೆದು, ಚೆನ್ನಾಗಿ ಕಲಸಿ, ಅದರಲ್ಲಿ ಒಂದು ಚಿಟಿಕೆ.

ಇನ್ನೊಂದು. ಮಷೀನ್ ಸರಿ ಇದೆಯಾ ನೋಡಲು ಚಪಾತಿ ಚೂರು ಹಾಕಬೇಡಿ. ಗ್ಲುಟನ್ ವಿಪರೀತ ಜಾಸ್ತಿ ಆದರೆ ಕ್ಯಾಪ್ಸೂಲ್ ಒಳಗಿನ ಪರೀಕ್ಷೆ ಪಟ್ಟಿಯಲ್ಲಿ ಗೆರೆ ಮೂಡದೆ, ಗ್ಲುಟನ್ ಇಲ್ಲ ಅಂತ ತಪ್ಪು ಉತ್ತರ ಬರಬಹುದು. ಅನ್ನದಲ್ಲಿ ಒಂದು ಕಣ ಗೋಧಿ ಹಿಟ್ಟು ಕಲಸಿ ನೋಡಿ.

ಗದಗಿನ ಅಜ್ಜಿ ಮನೆ:
ಬೀಸುವ ಮೊದಲು ಜೋಳ ಮೊರದಲ್ಲಿ ಹಾಕಿ ಆರಿಸಿ ನೋಡಿದಿರಾ? ನಮ್ಮ ಕಡೆ ಹಿಂಗಾರಿಗೆ ಬಿಳಿಜೋಳ, ಗೋಧಿ ಎರಡೂ ಬೆಳೆಯುತ್ತಾರೆ. ಚೀಲದಲ್ಲೇ ಗೋಧಿ ಕಾಳು ಸಿಗುತ್ತದೆ. ನಮ್ಮ ಮೊಮ್ಮಗಳಿಗೂ ಇದೇ ತೊಂದರೆ. ನಾವು ಆರಿಸಿ, ತೊಳೆದು, ಒಣಗಿಸಿ, ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಂಡೆವು. ಅದಕ್ಕೆ ಗೋಧಿ ಮುಟ್ಟಿಸುವುದೇ ಇಲ್ಲ. ಹಂಚು, ಜರಡಿ ಕೂಡ ಬೇರೆ.

ಮಾಳಮಡ್ಡಿ ಅಮ್ಮ:
ಒಂದು ಸೇರಿನಲ್ಲಿ ಹನ್ನೊಂದು ಗೋಧಿ ಕಾಳು ಸಿಕ್ಕವು. ಕಣ್ಣಲ್ಲಿ ನೀರು ಬಂತು. ಆರಿಸಿ, ತೊಳೆದು, ಅಕ್ಕನ ಹೊಸ ಮಿಕ್ಸರ್‌ನಲ್ಲಿ ಪುಡಿ ಮಾಡಿ ಜರಡಿ ಹಿಡಿದೆ. ಎರಡು ಸಲ ನೋಡಿದೆ, ಎರಡೂ ಸಲ ಇಲ್ಲ ಅಂದಿತು. ಆದರೂ ನಿನ್ನೆ ಅನ್ನ ಸಾರು ಉಂಡ ಮೇಲೆ ಮಗ ಹೊಟ್ಟೆನೋವು ಅಂದ. ಹೊರಗಡೆ ಏನೂ ತಿಂದಿಲ್ಲ, ಕಳೆದ ವಾರ ಅವನ ಮಾಮ ಕೊಡಿಸಿದ ಫ್ರೈಡ್ ರೈಸ್ ಬಿಟ್ಟರೆ. ಅದನ್ನು ಮಷೀನ್‌ನಲ್ಲಿ ನೋಡೇ ಕೊಟ್ಟಿದ್ದ, ಇಲ್ಲ ಅಂದಿತ್ತಂತೆ.

ಹುಬ್ಬಳ್ಳಿ ಲ್ಯಾಬ್:
ಫ್ರೈಡ್ ರೈಸ್‌ಗೆ ಆ ಉತ್ತರ ನಂಬಬೇಡಿ. ಸೋಯಾ ಸಾಸ್ ಸಾಮಾನ್ಯವಾಗಿ ಗೋಧಿ ಸೇರಿಸಿ ಹುದುಗಿಸುವುದು. ಹುದುಗಿದಾಗ ಗ್ಲುಟನ್ ಚೂರು ಚೂರಾಗುತ್ತದೆ, ಆ ಚೂರುಗಳನ್ನು ಈ ಮಷೀನ್ ಸರಿಯಾಗಿ ಹಿಡಿಯಲ್ಲ. ಡಾಕ್ಟರಿಗೆ ಎಲ್ಲ ಹೇಳಿ, ಸೀಲಿಯಾಕ್‌ಗೆ ಮಾಡುವ ಟಿಟಿಜಿ ರಕ್ತ ಪರೀಕ್ಷೆ ಮತ್ತೆ ಬೇಕಾ ಕೇಳಿ. ಸಾರಿಗೆ ಇಂಗು ಹಾಕುತ್ತೀರಾ? ಡಬ್ಬಿಯ ಹಿಂದೆ ಓದಿ.

ಮಾಳಮಡ್ಡಿ ಅಮ್ಮ:
ಈಗಷ್ಟೇ ಓದಿದೆ. ಗೋಂದು, ಮೈದಾ, ಇಂಗು ಅಂತ ಬರೆದಿದೆ. ಎರಡು ವರ್ಷದಿಂದ ದಿನಾ ಒಗ್ಗರಣೆಗೆ ಇದನ್ನೇ ಹಾಕುತ್ತಿದ್ದೆ. ಮೈದಾ ಇಲ್ಲದ ಇಂಗು ನಮ್ಮ ಕಡೆ ಎಲ್ಲಿ ಸಿಗುತ್ತದೆ, ಯಾರಾದರೂ ಹೇಳ್ತೀರಾ?

ಗದಗಿನ ಅಜ್ಜಿ ಮನೆ:
ಅಕ್ಕಿ ಹಿಟ್ಟು ಹಾಕಿದ್ದೂ ಬರುತ್ತದೆ ತಂಗಿ, ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಓದಿ ತಗೋ. ಅಲ್ಲೀವರೆಗೆ ಬೆಳ್ಳುಳ್ಳಿ ಒಗ್ಗರಣೆ ಹಾಕು.