ಅಪ್‌ಡೇಟ್: ಹಾಲ್‌ಗೆ ಬೇಜ್ ಬಣ್ಣ ಕೊನೆಗೂ ಆರಿಸಿದೆವು

ಒಂದೇ ಥರ ಕಾಣುವ ಮೂರು ಬೇಜ್ ಬಣ್ಣಗಳಲ್ಲಿ ಹಾಲ್‌ಗೆ ಯಾವುದು ಸರಿ ಎಂದು ಕೇಳಿದ್ದೆ. ಒಂದರಲ್ಲಿ ಹಳದಿ ಛಾಯೆ, ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಬೂದು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಶೇಡ್ ಕಾರ್ಡ್ ಬಿಟ್ಟು ಸ್ಯಾಂಪಲ್ ಡಬ್ಬಿ ತನ್ನಿ ಎಂದವರ ಮಾತು ತುಂಬಾ ಉಪಯೋಗಕ್ಕೆ ಬಂತು. ದೊಡ್ಡ ಬಿಳಿ ರಟ್ಟಿನ ಮೇಲೆ ಎರಡು ಕೋಟ್ ಬಳಿದು, ಚೆನ್ನಾಗಿ ಒಣಗಿಸಿ, ಒಂದೊಂದು ಗೋಡೆಗೂ ಒರಗಿಸಿ ನೋಡಿದೆವು. ನಮ್ಮ ಕಿಟಕಿ ಉತ್ತರಕ್ಕಿದೆ. ನೇರ ಬಿಸಿಲು ಕಮ್ಮಿ, ಬರುವ ಬೆಳಕಿನಲ್ಲಿ ನೀಲಿ ಜಾಸ್ತಿ. ಹಾಗಾಗಿ ಬೂದು ಛಾಯೆಯದ್ದು ಹಗಲಲ್ಲಿ ಹಸಿ ಸಿಮೆಂಟಿನ ಹಾಗೆ ಕಂಡಿತು. ಗುಲಾಬಿ ಛಾಯೆಯದ್ದು ಅಂಗಡಿಯಲ್ಲಿ ನನಗೆ ಬಹಳ ಹಿಡಿಸಿತ್ತು. ಆದರೆ ನಮ್ಮದು ರೆಡ್ ಆಕ್ಸೈಡ್ ನೆಲ. ಆ ಕೆಂಪು ಗೋಡೆಯ ಕೆಳಭಾಗಕ್ಕೆ ಹೊಡೆದು ಗುಲಾಬಿ ಇನ್ನೂ ಗಾಢವಾಗುತ್ತಿತ್ತು. ನೆಲ ಅಜ್ಜನ ಕಾಲದ್ದು, ಅದನ್ನು ಕೀಳಿಸುವ ಮಾತೇ ಇಲ್ಲ. ಬಣ್ಣವೇ ಅದಕ್ಕೆ ಹೊಂದಬೇಕು, ಅಲ್ವಾ?

ಉಳಿದದ್ದು ಹಳದಿ ಛಾಯೆಯದ್ದು. ಹಗಲಲ್ಲಿ ತುಂಬಾ ಚೆನ್ನಾಗಿತ್ತು. ರಾತ್ರಿ 6500 ಕೆಲ್ವಿನ್ ಎಲ್‌ಇಡಿ ಬಲ್ಬಿನ ಕೆಳಗೆ ಮಾತ್ರ ಸ್ವಲ್ಪ ಹಸಿರು ಹೊಡೆಯಿತು (ಕೆಲ್ವಿನ್ ಸಂಖ್ಯೆ ಜಾಸ್ತಿಯಾದಷ್ಟು ಬೆಳಕು ನೀಲಿ-ಬಿಳಿ, ಕಮ್ಮಿಯಾದಷ್ಟು ಹಳದಿ). 4000 ಕೆಲ್ವಿನ್ ಬಲ್ಬ್ ಹಾಕಿದ ಮೇಲೆ ಸರಿಹೋಯಿತು. ನೀವೂ ಬಣ್ಣ ಒಪ್ಪುವ ಮುಂಚೆ ಬಲ್ಬ್ ಬದಲಿಸಿ ನೋಡಿ. 3000 ಕೆಲ್ವಿನ್‌ದೂ ನೋಡಿದೆವು, ಗೋಡೆ ಪೂರ್ತಿ ಹಳದಿಯಾಯಿತು.

ಫಿನಿಶ್ ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಹಳೆಯ ಗೋಡೆಯ ಏರುತಗ್ಗು ಹೊಳಪಿನ ಪೇಂಟಿನಲ್ಲಿ ಎದ್ದು ಕಾಣುತ್ತದೆ. ಪ್ರೈಮರ್ ಮುಗಿದಿದೆ. ಡಬ್ಬಿಯಿಂದ ಡಬ್ಬಿಗೆ ಬಣ್ಣ ವ್ಯತ್ಯಾಸ ಬಾರದಿರಲಿ ಎಂದು ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದು ಕಲಸಿ ಬಳಿಯಲು ಪೇಂಟರ್‌ಗೆ ಹೇಳಿದ್ದೇವೆ.